ಮೆದುಳಿನ ಪ್ರೋಟೀನ್ ಗಂಟಿಗೂ ತಟ್ಟೆಯ ಬೇಳೆಗೂ ಏನು ಸಂಬಂಧ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿರುವವರು, ಊರು ಕುಂದಾಪುರದ ಹತ್ತಿರ. ಅಪ್ಪನಿಗೆ 71 ವರ್ಷ. ಆಯುಷ್ಯವೆಲ್ಲ ದಾದರಿನ ಹೋಟೆಲೊಂದರ ಗಲ್ಲಾದಲ್ಲಿ ಕೂತವರು. ಮೂರು ವರ್ಷದಿಂದ ಪಾರ್ಕಿನ್ಸನ್ ಇದೆ. ನಾಲ್ಕು ತಿಂಗಳ ಹಿಂದೆ ತೋರಿಸಿದಾಗ ಕಾಗದದಲ್ಲಿ ‘ಮೆದುಳಿನ ಕೋಶಗಳಲ್ಲಿ ಅಸಹಜ ಪ್ರೋಟೀನ್ ಶೇಖರಣೆ’ ಎಂದು ಬರೆದಿದ್ದರು. ಅಂದಿನಿಂದ ಬೇಳೆ, ಮೊಟ್ಟೆ, ಮೀನು ನಿಲ್ಲಿಸಿದ್ದೇವೆ. ತೂಕ 62 ಕಿಲೋದಿಂದ 56ಕ್ಕೆ ಬಂದಿದೆ, ಮೈ ಬಿಗಿತ ಮಾತ್ರ ಹೆಚ್ಚಾಗಿದೆ. ಮಧ್ಯಾಹ್ನದ ಮಾತ್ರೆ ಹಿಡಿಯುವುದೇ ಇಲ್ಲ. ಈಗೀಗ ರಾತ್ರಿ ಹಾಲ್‌ನಲ್ಲಿ ಮಕ್ಕಳು ಕೂತಿದ್ದಾರೆ ಅನ್ನುತ್ತಾರೆ. ಆ ಪ್ರೋಟೀನ್ ಕರಗಿಸುವ ಔಷಧಿ ಇದೆಯೇ? ಪಕ್ಕದ ಮನೆಯವರು ಕೌಂಚ್ ಬೀಜದ ಪುಡಿ ಕೊಡಿ ಎನ್ನುತ್ತಾರೆ. ಒಂದೇ ತಟ್ಟೆಯಲ್ಲಿ ಉಂಡರೆ ತನಗೂ ಬರುತ್ತದೆಯೇ ಎಂದು ಅಮ್ಮನಿಗೆ ಹೆದರಿಕೆ. ಮಾತ್ರೆಗಳ ಪಟ್ಟಿ ಜೊತೆಗಿಟ್ಟಿದ್ದೇನೆ: ಲೆವೊಡೋಪ-ಕಾರ್ಬಿಡೋಪ 100/25 ದಿನಕ್ಕೆ ಮೂರು (ಬೆಳಗ್ಗಿನದು ಹಾಲಿನ ಜೊತೆ, ಉಳಿದವು ಊಟದ ಜೊತೆ), ಟ್ರೈಹೆಕ್ಸಿಫೆನಿಡಿಲ್ 2 ಮಿಲಿಗ್ರಾಂ ಎರಡು ಹೊತ್ತು, ಗ್ಯಾಸಿಗೆ ರಾಬೆಪ್ರಜೋಲ್-ಲೆವೊಸಲ್ಪಿರೈಡ್ ಕ್ಯಾಪ್ಸೂಲ್ ಬೆಳಗ್ಗೆ ಒಂದು.

ಉತ್ತರ: ಬೇಳೆ, ಮೀನು, ಮೊಟ್ಟೆ ಇವತ್ತಿನ ಊಟದಿಂದಲೇ ತಟ್ಟೆಗೆ ಮರಳಲಿ. ನಾಲ್ಕು ತಿಂಗಳಲ್ಲಿ ಆರು ಕಿಲೋ ಇಳಿಯುವುದು ಪಾರ್ಕಿನ್ಸನ್ ಇರುವ ಹಿರಿಯರಿಗೆ ಸಣ್ಣ ಮಾತಲ್ಲ. ಹೀಗೆ ಇಳಿಯುವಾಗ ಕೊಬ್ಬಿನ ಜೊತೆ ತೊಡೆ, ಸೊಂಟದ ಸ್ನಾಯುವೂ ಕರಗುತ್ತದೆ. ಅದು ಹೋದರೆ ಕುರ್ಚಿಯಿಂದ ಏಳುವುದು ಕಷ್ಟ, ಬೀಳುವುದು ಸುಲಭ.

ತಪ್ಪು ನಿಮ್ಮದಲ್ಲ, ಪದದ್ದು. ಅಂಗಡಿಯ ಡಬ್ಬಿಯ ಮೇಲೂ ‘ಪ್ರೋಟೀನ್’, ಡಾಕ್ಟರರ ಕಾಗದದಲ್ಲೂ ‘ಪ್ರೋಟೀನ್’. ಆದರೆ ತೊಗರಿಬೇಳೆಯ ಪ್ರೋಟೀನ್ ಇಡಿಯಾಗಿ ಮೆದುಳಿಗೆ ಹೋಗಿ ಕೂರುವುದಿಲ್ಲ. ಹೊಟ್ಟೆ, ಕರುಳು ಅದನ್ನು ಅಮೈನೋ ಆಮ್ಲಗಳಾಗಿ ಬಿಡಿಸಿಬಿಡುತ್ತವೆ. ಗೋಡೆ ಕೆಡವಿ ಇಟ್ಟಿಗೆ ಬೇರೆ ಮಾಡಿದ ಹಾಗೆ. ನಿಮ್ಮ ತಂದೆಯವರ ಕಾಯಿಲೆಯಲ್ಲಿ ಶೇಖರವಾಗುವುದು ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನ್. 4ನೇ ಕ್ರೋಮೋಸೋಮಿನಲ್ಲಿರುವ ಜೀನ್ ನೋಡಿಕೊಂಡು ನರಕೋಶ ತಾನೇ ಅದನ್ನು ತಯಾರಿಸುತ್ತದೆ. ಏಕಾದಶಿ ಉಪವಾಸ ಮಾಡಿದವರ ಮೆದುಳಿನಲ್ಲೂ ಅದು ಎಂದಿನಂತೆ ತಯಾರಾಗುತ್ತದೆ, ನಿಮ್ಮ ಮೆದುಳಿನಲ್ಲೂ ಈ ಹೊತ್ತಿಗೆ ಬೇಕಾದಷ್ಟಿದೆ. ಅದು ಇರುವುದು ರೋಗವಲ್ಲ, ಆಕಾರ ಕೆಟ್ಟು ಗಂಟು ಕಟ್ಟುವುದು ರೋಗ.

ಆಲ್ಫಾ-ಸಿನ್ಯೂಕ್ಲಿನ್ 140 ಅಮೈನೋ ಆಮ್ಲಗಳ ಒಂದು ಸರ. ಎರಡು ನರಕೋಶಗಳು ಸೇರುವ ತುದಿಯಲ್ಲಿ, ರಾಸಾಯನಿಕ ತುಂಬಿದ ಪುಟ್ಟ ಚೀಲಗಳನ್ನು ಸಾಲಾಗಿಟ್ಟುಕೊಳ್ಳಲು ನೆರವಾಗುವುದು ಅದರ ಕೆಲಸ. ಬಹುಪಾಲು ಪ್ರೋಟೀನ್‌ಗಳಿಗೆ ನೆರಿಗೆ ಹಿಡಿದ ಸೀರೆಯಂತೆ ಒಂದು ಗೊತ್ತಾದ ಮಡಿಕೆ ಇರುತ್ತದೆ. ಇದಕ್ಕೆ ಅದೂ ಇಲ್ಲ, ಒಗೆದು ಬಿಟ್ಟ ಬಟ್ಟೆಯಂತೆ ಸಡಿಲವಾಗಿ ಓಲಾಡಿಕೊಂಡಿರುತ್ತದೆ. ಆ ಸಡಿಲವೇ ಅಪಾಯ. ಸರದ ನಡುಭಾಗಕ್ಕೆ ಅಂಟುವ ಗುಣವಿದೆ. ಒಂದರ ನಡುಭಾಗ ಇನ್ನೊಂದರದಕ್ಕೆ ಚಪ್ಪಟೆಯಾಗಿ ಕೂತರೆ ಅದರ ಮೇಲೆ ಮೂರನೆಯದು, ನಾಲ್ಕನೆಯದು. ತಟ್ಟೆಯ ಮೇಲೆ ತಟ್ಟೆ ಪೇರಿಸಿದಂತೆ ಬೆಳೆದು ಎಳೆಯಾಗುತ್ತದೆ. ಎಳೆಯ ಅಗಲ ಸುಮಾರು 10 ನ್ಯಾನೋಮೀಟರ್, ಅಂದರೆ ತಲೆಗೂದಲೊಂದರ ದಪ್ಪದಲ್ಲಿ ಸಾವಿರಾರು ಎಳೆಗಳನ್ನು ಸಾಲಾಗಿ ಇಡಬಹುದು.

ಮೊದಲ ಎರಡು-ಮೂರು ಕೂಡುವುದೇ ಕಷ್ಟ. ಒಮ್ಮೆ ಕೂಡಿದ ಮೇಲೆ ಉಳಿದದ್ದು ಸರಸರ. ಹಾಲಿಗೆ ಹೆಪ್ಪು ಹಾಕುವವರಿಗೆ ಇದನ್ನು ವಿವರಿಸಬೇಕಿಲ್ಲ: ಚಮಚ ಮೊಸರು ಪಾತ್ರೆಯ ಹಾಲನ್ನೆಲ್ಲ ತನ್ನಂತೆ ಮಾಡಿಕೊಳ್ಳುತ್ತದೆ. (ಹೆಪ್ಪಿನಲ್ಲಿ ಜೀವ ಇರುತ್ತದೆ, ಇಲ್ಲಿ ಇಲ್ಲ, ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ.) ಈ ಹೆಪ್ಪು ಕೋಶದಿಂದ ಕೋಶಕ್ಕೆ ದಾಟುತ್ತದೆ ಎನ್ನುವುದಕ್ಕೆ 2008ರಲ್ಲಿ ಒಂದು ವಿಚಿತ್ರ ಸಾಕ್ಷಿ ಸಿಕ್ಕಿತು. ಹತ್ತಕ್ಕೂ ಹೆಚ್ಚು ವರ್ಷ ಹಿಂದೆ ಪಾರ್ಕಿನ್ಸನ್ ರೋಗಿಗಳ ಮೆದುಳಿಗೆ ಭ್ರೂಣದ ಎಳೆಯ ನರಕೋಶಗಳನ್ನು ಕಸಿ ಮಾಡಿದ್ದರು. ಅವರು ತೀರಿಕೊಂಡ ಮೇಲೆ ನೋಡಿದರೆ ಆ ಎಳೆಯ ಕೋಶಗಳ ಕೆಲವದರಲ್ಲೂ ಅದೇ ಗಂಟುಗಳು ಇದ್ದವು. ಅಷ್ಟು ಎಳೆಯ ಕೋಶಕ್ಕೆ ವಯಸ್ಸಾಗಿ ಕೆಟ್ಟಿತು ಎನ್ನುವಂತಿಲ್ಲ. ಸುತ್ತಲಿನ ಹಳೆಯ ಕೋಶಗಳಿಂದ ದಾಟಿತು ಎಂಬುದೇ ಹೆಚ್ಚು ಒಪ್ಪುವ ಅರ್ಥ.

ಹಾಗಾದರೆ ಎಲ್ಲರಿಗೂ ಯಾಕೆ ಬರುವುದಿಲ್ಲ? ಕೋಶದೊಳಗೆ ಕಸ ಎತ್ತುವ ವ್ಯವಸ್ಥೆ ಇದೆ, ಅದೂ ಎರಡು ಥರದ್ದು. ಒಂದು ಪ್ರೋಟಿಯಾಸೋಮ್: ಪೀಪಾಯಿ ಆಕಾರದ ಯಂತ್ರ. ಯುಬಿಕ್ವಿಟಿನ್ ಎಂಬ ಚೀಟಿ ಅಂಟಿಸಿಕೊಂಡ ಹಾಳು ಪ್ರೋಟೀನನ್ನು ಬಾಯಿಂದ ಎಳೆದುಕೊಂಡು ಚೂರು ಮಾಡುತ್ತದೆ. ಆದರೆ ಅದರ ಬಾಯಿ ಕಿರಿದು, ಬಿಡಿಸಿದ ಒಂದೊಂದೇ ಸರ ಒಳಗೆ ಹೋಗಬೇಕು. ಗಂಟು ಹಿಡಿಸುವುದಿಲ್ಲ, ಹೋಗಿ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ದೊಡ್ಡ ಕಸಕ್ಕೆ ಎರಡನೆಯದು, ಆಟೋಫೇಜಿ: ಪೊರೆಯ ಚೀಲ ಕಸವನ್ನು ಸುತ್ತಿಕೊಂಡು ಹೋಗಿ ಲೈಸೋಸೋಮ್ ಎಂಬ ಆಮ್ಲದ ತೊಟ್ಟಿಗೆ ಸುರಿಯುತ್ತದೆ. ಚೀಟಿಯ ರಹಸ್ಯಕ್ಕೆ 2004ರಲ್ಲಿ, ಚೀಲದ್ದಕ್ಕೆ 2016ರಲ್ಲಿ ನೊಬೆಲ್ ಬಂತು. ವಯಸ್ಸಾದಂತೆ ಎರಡೂ ನಿಧಾನವಾಗುತ್ತವೆ. ಕಸ ಒಯ್ಯುವ ಘಂಟಾಗಾಡಿ ವಾರಕ್ಕೆ ಎರಡೇ ದಿನ ಬಂದರೆ ಸೊಸೈಟಿಯ ಗೇಟಿನಲ್ಲಿ ಏನಾಗುತ್ತದೋ ಕೋಶದಲ್ಲೂ ಅದೇ. ಪಾರ್ಕಿನ್ಸನ್‌ನ ಅಪಾಯ ಹೆಚ್ಚಿಸುವ ಜೀನ್ ಬದಲಾವಣೆಗಳಲ್ಲಿ ಹೆಚ್ಚಾಗಿ ಕಾಣುವ ‘ಜಿಬಿಎ1’ ಕೂಡ ಈ ಲೈಸೋಸೋಮಿನ ಒಂದು ಕಿಣ್ವಕ್ಕೆ ಸೇರಿದ್ದೇ.

ಚರ್ಮದ ಕೋಶವಾದರೆ ಒಡೆದು ಎರಡಾಗುವಾಗ ಕಸವನ್ನು ಹಂಚಿ ತೆಳ್ಳಗೆ ಮಾಡಿಕೊಳ್ಳುತ್ತದೆ, ಕೊನೆಗೆ ಉದುರಿಯೂ ಹೋಗುತ್ತದೆ. ನರಕೋಶಕ್ಕೆ ಆ ದಾರಿ ಇಲ್ಲ. ಎಪ್ಪತ್ತು ವರ್ಷ ಅದೇ ಮನೆ, ಅದೇ ಅಟ್ಟ. ಅದರಲ್ಲೂ ಮಧ್ಯಮೆದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಭಾಗದಲ್ಲಿ, ಚಲನೆಯನ್ನು ಹದದಲ್ಲಿಡುವ ಡೋಪಮೀನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳದ್ದು ದೊಡ್ಡ ಸಂಸಾರ. ಒಂದೊಂದಕ್ಕೂ ಲಕ್ಷಗಟ್ಟಲೆ ಕವಲು ತುದಿಗಳು, ಶಕ್ತಿಯ ಖರ್ಚು ವಿಪರೀತ. ಆ ಭಾಗದ ತೆಳು ಸೀಳನ್ನು ಇಯೋಸಿನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿಟ್ಟರೆ, ಕಂದು ವರ್ಣಕಣಗಳು ತುಂಬಿದ ಕೋಶದ ನಡುವೆ ಗುಲಾಬಿ ಬಣ್ಣದ ದುಂಡನೆಯ ಉಂಡೆ, ಅದರ ಸುತ್ತ ಮಸುಕಾದ ಬಿಳಿ ಬಳೆ ಕಾಣುತ್ತದೆ. ಫ್ರೆಡರಿಕ್ ಲೂಯಿ ಎಂಬ ವೈದ್ಯ 1912ರಲ್ಲಿ ಇಂಥ ಉಂಡೆಗಳನ್ನು ಮೊದಲು ವರ್ಣಿಸಿದರು, ಅವರ ಹೆಸರೇ ನಿಂತಿತು. ಒಳಗಿರುವುದು ಆಲ್ಫಾ-ಸಿನ್ಯೂಕ್ಲಿನ್ ಎಂದು ತಿಳಿಯಲು 1997ರವರೆಗೆ ಕಾಯಬೇಕಾಯಿತು.

ಈ ಉಂಡೆಯೇ ಕೊಲೆಗಾರನೇ ಎಂಬ ವಾದ ಇನ್ನೂ ಮುಗಿದಿಲ್ಲ. ಉಂಡೆಯಾಗುವ ಮೊದಲಿನ ಸಣ್ಣ ಗುಂಪುಗಳೇ ಹೆಚ್ಚು ವಿಷ, ಕೋಶ ಅವನ್ನು ಒಂದೆಡೆ ಗುಡಿಸಿ ಉಂಡೆ ಕಟ್ಟಿ ತನ್ನನ್ನು ಕಾಪಾಡಿಕೊಳ್ಳಲು ನೋಡುತ್ತದೆ ಎನ್ನುವವರು ಬಹಳ ಮಂದಿ, ನನಗೂ ಆ ಮಾತೇ ಹೆಚ್ಚು ಒಪ್ಪಿಗೆ. ‘ಕರಗಿಸುವ ಔಷಧಿ’ ಎಂಬ ಆಸೆ ಕೇಳಿದಷ್ಟು ಸರಳವಲ್ಲ ಎನ್ನುವುದು ಇದಕ್ಕೇ.

ಬೇರೆ ಕಾಯಿಲೆಗಳಲ್ಲೂ ಕಥೆ ಇದೇ, ಪಾತ್ರ ಬೇರೆ. ಆಲ್ಜೈಮರ್‌ನಲ್ಲಿ ಬೀಟಾ-ಅಮಿಲಾಯ್ಡ್ ಎಂಬ ಪ್ರೋಟೀನ್ ಕೋಶದ ಹೊರಗೆ, ಟಾವ್ ಎಂಬುದು ಒಳಗೆ. ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುವ ಎಎಲ್‌ಎಸ್ ಕಾಯಿಲೆಯ ಬಹುಪಾಲು ರೋಗಿಗಳಲ್ಲಿ ಟಿಡಿಪಿ-43. ವಂಶದಲ್ಲಿ ಬರುವ ಹಂಟಿಂಗ್‌ಟನ್ ಕಾಯಿಲೆಯಲ್ಲಿ ಜೀನಿನ ಸಿಎಜಿ ಎಂಬ ಮೂರಕ್ಷರ 40 ಸಲ ಅಥವಾ ಹೆಚ್ಚು ಮರುಕಳಿಸಿ ಕೆಡುವ ಹಂಟಿಂಗ್‌ಟಿನ್. ವಯಸ್ಸಾದವರ ಮೆದುಳಿನಲ್ಲಿ ಎರಡು-ಮೂರು ಥರ ಒಟ್ಟಿಗೇ ಸಿಗುವುದೂ ಸಾಮಾನ್ಯ. ಇನ್ನೊಂದು: ಸಾಮಾನ್ಯ ಎಂಆರ್‌ಐ ಆಲ್ಫಾ-ಸಿನ್ಯೂಕ್ಲಿನನ್ನು ತೋರಿಸುವುದಿಲ್ಲ. ನಿಮ್ಮ ಕಾಗದದ ಸಾಲು ರೋಗದ ವಿವರಣೆ, ತಂದೆಯವರ ಮೆದುಳಿನಲ್ಲಿ ಅಳೆದು ನೋಡಿದ ಲೆಕ್ಕವಲ್ಲ.

ಔಷಧಿಯ ವಿಷಯ. ಬೀಟಾ-ಅಮಿಲಾಯ್ಡನ್ನು ತೆಗೆಯುವ ಲೆಕಾನೆಮ್ಯಾಬ್ ಎಂಬ ಡ್ರಿಪ್ ಔಷಧಿಗೆ ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. ಗಂಟುಗಳೇನೋ ಚೆನ್ನಾಗಿ ಕಡಿಮೆಯಾಗುತ್ತವೆ. ಆದರೆ 18 ತಿಂಗಳ ಕೊನೆಗೆ, ಕಾಯಿಲೆಯ ತೀವ್ರತೆ ಅಳೆಯುವ 18 ಅಂಕದ ಅಳತೆಗೋಲಿನಲ್ಲಿ, ಔಷಧಿ ಪಡೆದವರಿಗೂ ಪಡೆಯದವರಿಗೂ ಇದ್ದ ವ್ಯತ್ಯಾಸ 0.45. ಜೊತೆಗೆ ಮೆದುಳಿನಲ್ಲಿ ಬಾವು, ರಕ್ತ ಒಸರುವ ಅಪಾಯ. ಅದೂ ಆರಂಭದ ಹಂತದ ಆಲ್ಜೈಮರ್‌ಗೆ ಮಾತ್ರ. ಪಾರ್ಕಿನ್ಸನ್‌ನಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಹಿಡಿಯಲು ಮಾಡಿದ ಸಿನ್‌ಪನೆಮ್ಯಾಬ್, ಪ್ರಾಸಿನೆಜುಮ್ಯಾಬ್ ಎರಡೂ 2022ರಲ್ಲಿ ಪ್ರಕಟವಾದ ಪರೀಕ್ಷೆಗಳಲ್ಲಿ ಮುಖ್ಯ ಗುರಿ ಮುಟ್ಟಲಿಲ್ಲ. ‘ಮೆದುಳು ಡಿಟಾಕ್ಸ್’ ಎಂದು ಯಾರಾದರೂ ಪ್ಯಾಕೇಜ್ ಹೇಳಿದರೆ ಆ ದುಡ್ಡಿಗೆ ಮೀನು ತನ್ನಿ.

ಈಗ ನೀವು ಕೇಳದೇ ಇದ್ದರೂ ಮೊದಲು ನೋಡಬೇಕಾದ ವಿಷಯ: ಪಟ್ಟಿಯ ಕೊನೆಯ ಕ್ಯಾಪ್ಸೂಲ್. ರಾಬೆಪ್ರಜೋಲ್ ಆಸಿಡಿಟಿಗೆ, ಅದರಿಂದ ತೊಂದರೆಯಿಲ್ಲ. ಜೊತೆಗಿರುವ ಲೆವೊಸಲ್ಪಿರೈಡ್ ಡೋಪಮೀನ್ ಹಿಡಿಯುವ ಬಾಗಿಲುಗಳನ್ನೇ ಮುಚ್ಚುತ್ತದೆ. ಲೆವೊಡೋಪ ಮೆದುಳಿನಲ್ಲಿ ಡೋಪಮೀನ್ ಆಗಿಯೇ ಕೆಲಸ ಮಾಡುವುದು, ಹಾಗಾಗಿ ಇದು ಒಂದು ಕೈಯಲ್ಲಿ ಲೆವೊಡೋಪ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡಂತೆ. ಪಾರ್ಕಿನ್ಸನ್ ಇಲ್ಲದವರಿಗೂ ಇದು ನಡುಕ, ಬಿಗಿತ ತರಿಸಬಲ್ಲದು. ನಮ್ಮಲ್ಲಿ ಗ್ಯಾಸ್, ಹೊಟ್ಟೆಯುಬ್ಬರ ಎಂದರೆ ಇದನ್ನು ಧಾರಾಳವಾಗಿ ಬರೆಯುತ್ತಾರೆ, ರೋಗಿ ಪಾರ್ಕಿನ್ಸನ್ ಬಗ್ಗೆ ಬಾಯಿಬಿಡದಿದ್ದರೆ ಬರೆದವರಿಗೂ ಹೊಳೆಯುವುದಿಲ್ಲ. ಬೇಳೆ ಬಿಟ್ಟ ನಾಲ್ಕು ತಿಂಗಳಲ್ಲಿ ಬಿಗಿತ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಕ್ಯಾಪ್ಸೂಲ್ ಯಾವಾಗ ಶುರುವಾಯಿತು ಎಂದು ಹಳೆಯ ಬಿಲ್ ತೆಗೆದು ನೋಡಿ. ತಾರೀಕು ಹೊಂದಿಕೊಂಡರೆ ನನಗೆ ಆಶ್ಚರ್ಯವಿಲ್ಲ. ಈ ವಾರವೇ ನರರೋಗ ವೈದ್ಯರಿಗೆ ಫೋನ್ ಮಾಡಿ, ಬರೀ ರಾಬೆಪ್ರಜೋಲ್ ಸಾಕೇ ಎಂದು ಕೇಳಿ. ನಿಲ್ಲಿಸಿದ ಮರುದಿನವೇ ಸರಿಯಾಗುವುದಿಲ್ಲ. ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು.

ಇದೇ ಗುಂಪಿನ ಇನ್ನೂ ಕೆಲವು: ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಪ್ರೋಕ್ಲೋರ್‌ಪೆರಜಿನ್, ತಲೆತಿರುಗಲಿಗೆ ಕೊಡುವ ಸಿನ್ನರಿಜಿನ್, ಫ್ಲುನರಿಜಿನ್, ಗಲಾಟೆ ಮಾಡುವ ರೋಗಿಗೆ ಕ್ಯಾಶುವಾಲ್ಟಿಯಲ್ಲಿ ಚುಚ್ಚುವ ಹ್ಯಾಲೋಪೆರಿಡಾಲ್. ಈ ಹೆಸರುಗಳನ್ನು ಚೀಟಿಯಲ್ಲಿ ಬರೆದು, ಮೇಲೆ ‘ಪಾರ್ಕಿನ್ಸನ್ ರೋಗಿ, ಇವು ಬೇಡ’ ಎಂದು ಇಂಗ್ಲಿಷ್ ಮತ್ತು ಮರಾಠಿಯಲ್ಲಿ ಸೇರಿಸಿ ಅಪ್ಪನ ಪಾಕೀಟಿನಲ್ಲಿ, ರೈಲು ಪಾಸಿನ ಹಿಂದೆ ಇಡಿ. ವಾಕರಿಕೆಗೆ ಡೊಂಪೆರಿಡೋನ್ ನಡೆಯುತ್ತದೆ, ಹೃದಯದ ತೊಂದರೆ ಇದ್ದರೆ ಇಸಿಜಿ ನೋಡಿ ಕೊಡಬೇಕು.

ರಾತ್ರಿ ಕಾಣುವ ಮಕ್ಕಳ ವಿಷಯಕ್ಕೆ ಬರೋಣ. ಪಟ್ಟಿಯ ಎರಡನೆಯ ಮಾತ್ರೆ, ಟ್ರೈಹೆಕ್ಸಿಫೆನಿಡಿಲ್, ಯುವಕರ ನಡುಕಕ್ಕೆ ಸರಿ. 70 ದಾಟಿದವರಲ್ಲಿ ಗೊಂದಲ, ಮರೆವು, ಇಲ್ಲದ್ದು ಕಾಣುವುದು, ಮಲಬದ್ಧತೆ, ಮೂತ್ರ ಕಟ್ಟುವುದು ತರಿಸುತ್ತದೆ. ಸಾಧಾರಣವಾಗಿ ಮೊದಲು ಕಡಿಮೆ ಮಾಡುವುದು ಇದನ್ನೇ, ಆದರೆ ಹಂತಹಂತವಾಗಿ, ವೈದ್ಯರ ಲೆಕ್ಕದಲ್ಲಿ. ಇದರ ಜೊತೆ ಮೂತ್ರ ಪರೀಕ್ಷೆ ಮಾಡಿಸಿ. ಹಿರಿಯರಲ್ಲಿ ಜ್ವರವಿಲ್ಲದ ಮೂತ್ರದ ಸೋಂಕೂ ಭ್ರಮೆಯಾಗಿ ಕಾಣಿಸಿಕೊಳ್ಳುತ್ತದೆ. ಸೋಡಿಯಂ, ಬಿ12, ಥೈರಾಯ್ಡ್ ಕೂಡ ನೋಡಿಸಿ. ಇದೆಲ್ಲ ಸರಿಯಾದ ಮೇಲೂ ಮಕ್ಕಳು ಕಾಣುತ್ತಿದ್ದರೆ, ದಿನದಿಂದ ದಿನಕ್ಕೆ ಎಚ್ಚರ ಏರುಪೇರಾಗುತ್ತಿದ್ದರೆ, ನಿದ್ದೆಯಲ್ಲಿ ಕೈಕಾಲು ಬೀಸುತ್ತಿದ್ದರೆ, ಗಂಟುಗಳು ಮೆದುಳಿನ ಹೊರಪದರಕ್ಕೂ ಹಬ್ಬಿರುವ ಸಾಧ್ಯತೆ ಇದೆ. ಆಗ ರಿವಾಸ್ಟಿಗ್ಮಿನ್ ಸಹಾಯ ಮಾಡುತ್ತದೆ. ಭ್ರಮೆಗೇ ಔಷಧಿ ಬೇಕಾದರೆ ಕಡಿಮೆ ಪ್ರಮಾಣದ ಕ್ವೆಟಿಯಪಿನ್ ಅಥವಾ ರಕ್ತಪರೀಕ್ಷೆ ಮಾಡುತ್ತಾ ಕ್ಲೋಜಪಿನ್ ಕೊಡುತ್ತಾರೆ. ಅಲ್ಲಿಯವರೆಗೆ ಹಾಲ್‌ನಲ್ಲಿ ಸಣ್ಣ ದೀಪ ಉರಿಯಲಿ, ಕುರ್ಚಿಯ ಮೇಲೆ ಬಟ್ಟೆ ರಾಶಿ ಹಾಕಬೇಡಿ. ‘ಯಾರೂ ಇಲ್ಲ ಅಪ್ಪ’ ಎಂದು ವಾದಕ್ಕಿಳಿಯುವ ಬದಲು ‘ದೀಪ ಹಾಕ್ತೇನೆ, ನೋಡುವ’ ಎನ್ನಿ. ಹೆದರಿ ಲೆವೊಡೋಪ ಮಾತ್ರ ತಟ್ಟನೆ ನಿಲ್ಲಿಸಬೇಡಿ. ಹಾಗೆ ಮಾಡಿದವರಲ್ಲಿ ಮೈ ಕಟ್ಟಿಗೆಯಾಗಿ, ಜ್ವರ ಏರಿ, ಐಸಿಯು ಸೇರಿದ್ದು ಉಂಟು.

ಕೌಂಚ್, ಅಂದರೆ ನಮ್ಮ ನಸುಗುನ್ನಿ, ಸುಳ್ಳು ಔಷಧಿಯಲ್ಲ. ಅದರ ಬೀಜದಲ್ಲಿ ನಿಜವಾದ ಲೆವೊಡೋಪ ಇದೆ. ಕಷ್ಟ ಅದೇ: ಒಂದು ಚಮಚದಲ್ಲಿ ಎಷ್ಟಿದೆ ಎಂದು ಪ್ಯಾಕೆಟ್ಟಿನ ಮೇಲೆ ಬರೆದಿರುವುದಿಲ್ಲ, ಬ್ಯಾಚಿನಿಂದ ಬ್ಯಾಚಿಗೆ ಬದಲಾಗುತ್ತದೆ. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವ, ಭ್ರಮೆ ಶುರುವಾಗಿರುವ ಮನುಷ್ಯನಿಗೆ ಲೆಕ್ಕವಿಲ್ಲದ ಲೆವೊಡೋಪ ಬೇಡ.

ಕೊನೆಗೆ ಬೇಳೆ. ಅದಕ್ಕೂ ಪಾರ್ಕಿನ್ಸನ್‌ಗೂ ಒಂದು ನಿಜವಾದ ಜಗಳ ಇದೆ, ಅದು ಗಂಟಿನ ಜಗಳವಲ್ಲ, ಬಾಗಿಲಿನದು. ಲೆವೊಡೋಪ ಸ್ವತಃ ಒಂದು ಅಮೈನೋ ಆಮ್ಲ. ಸಣ್ಣ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ದಾಟಲು ಅದಕ್ಕೆ ಬೇಕಾದ ಬಾಗಿಲುಗಳನ್ನೇ ಊಟದ ಪ್ರೋಟೀನಿನ ಲ್ಯೂಸಿನ್, ವ್ಯಾಲಿನ್, ಫಿನೈಲಲನಿನ್ ಎಂಬ ಅಮೈನೋ ಆಮ್ಲಗಳೂ ಬಳಸುತ್ತವೆ. ಬೆಳಗ್ಗೆ ಎಂಟೂಕಾಲರ ಡೊಂಬಿವಲಿ ಫಾಸ್ಟ್ ಲೋಕಲ್ ನೆನೆಸಿಕೊಳ್ಳಿ: ಡಬ್ಬಿ ತುಂಬಿದ್ದರೆ ಹತ್ತಬೇಕಾದವರು ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತಾರೆ. ಅದಕ್ಕಾಗಿ ಪ್ರಯಾಣವನ್ನೇ ಬಿಡುತ್ತಾರೆಯೇ? ಗಾಡಿ ಬದಲಿಸುತ್ತಾರೆ. ಮಾತ್ರೆ ಊಟಕ್ಕೆ 30ರಿಂದ 45 ನಿಮಿಷ ಮೊದಲು, ಅಥವಾ ಊಟವಾಗಿ ಒಂದೂವರೆ-ಎರಡು ಗಂಟೆ ಬಿಟ್ಟು, ತುಂಬಿದ ಲೋಟ ನೀರಿನ ಜೊತೆ. ಹಾಲು ಬೇಡ. ಬೆಳಗ್ಗೆ 7ಕ್ಕೆ ಮಾತ್ರೆ, ಮುಕ್ಕಾಲು ಗಂಟೆ ಬಿಟ್ಟು ಇಡ್ಲಿ, ಚಹಾ. ಮಧ್ಯಾಹ್ನ 1ಕ್ಕೆ ಮಾತ್ರೆ, ಆಮೇಲೆ ಊಟ. ಸಂಜೆ 7ಕ್ಕೆ ಮಾತ್ರೆ, 8ಕ್ಕೆ ಊಟ. ಖಾಲಿ ಹೊಟ್ಟೆಗೆ ವಾಕರಿಕೆ ಬಂದರೆ ಎರಡು ಮಾರಿ ಬಿಸ್ಕತ್ತು ಅಥವಾ ಒಂದು ಹಿಡಿ ಮಂಡಕ್ಕಿ. ಕಬ್ಬಿಣದ ಮಾತ್ರೆ ಶುರು ಮಾಡಿದರೆ ಎರಡರ ನಡುವೆ ಕನಿಷ್ಠ 2 ಗಂಟೆ ಅಂತರ, ಇಲ್ಲದಿದ್ದರೆ ಕಬ್ಬಿಣ ಲೆವೊಡೋಪವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಲಬದ್ಧತೆಯನ್ನೂ ಕಡೆಗಣಿಸಬೇಡಿ: ಪಾರ್ಕಿನ್ಸನ್‌ನಲ್ಲಿ ಹೊಟ್ಟೆ, ಕರುಳು ಎರಡೂ ನಿಧಾನ, ಮಾತ್ರೆ ಹೊಟ್ಟೆಯಲ್ಲೇ ಕೂತುಬಿಟ್ಟರೆ ಹಿಡಿಯುವುದೆಲ್ಲಿಂದ? ದಿನಕ್ಕೆ ಆರೇಳು ಲೋಟ ನೀರು, ರಾತ್ರಿ ಇಸಬ್‌ಗೋಲು.

ಎಷ್ಟು ತಿನ್ನಬೇಕು? ಕಿಲೋಗೆ 1ರಿಂದ 1.2 ಗ್ರಾಂ ಲೆಕ್ಕದಲ್ಲಿ, ಮೂತ್ರಪಿಂಡ ಸರಿಯಿದ್ದರೆ, ಅವರಿಗೆ ದಿನಕ್ಕೆ 56ರಿಂದ 67 ಗ್ರಾಂ ಪ್ರೋಟೀನ್. ಸಾಧಾರಣ ಗಾತ್ರದ ಇಡ್ಲಿಯಲ್ಲಿ 2 ಗ್ರಾಂ, ಮೊಟ್ಟೆಯಲ್ಲಿ 6, ದೊಡ್ಡ ಲೋಟ ಹಾಲಿನಲ್ಲಿ 6-7, 30 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 7, ಮುಳ್ಳು ಬಿಟ್ಟು 100 ಗ್ರಾಂ ಬಂಗುಡೆಯಲ್ಲಿ ಹತ್ತಿರ ಹತ್ತಿರ 20. ಮೊದಲು ಕ್ಯಾಪ್ಸೂಲ್ ಮತ್ತು ಮಾತ್ರೆಯ ಹೊತ್ತು ಸರಿಮಾಡಿ ಮೂರು-ನಾಲ್ಕು ವಾರ ನೋಡಿ. ಅದಾದ ಮೇಲೂ ಮಧ್ಯಾಹ್ನದ ಮಾತ್ರೆ ಕೈಕೊಟ್ಟರೆ ಮಾತ್ರ ಪ್ರೋಟೀನಿನ ದೊಡ್ಡ ಪಾಲನ್ನು ರಾತ್ರಿಗೆ ಸರಿಸಿ: ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಪಲ್ಯ, ಉಪ್ಪಿನಕಾಯಿ, ರಾತ್ರಿ ಬಂಗುಡೆ ಸಾರು, ಬೇಳೆ, ಮೊಟ್ಟೆ, ಮೊಸರು. ಒಟ್ಟು ಲೆಕ್ಕ ಇಳಿಯಬಾರದು, ಹೊತ್ತು ಮಾತ್ರ ಬದಲಾಗಬೇಕು. ಪ್ರತಿ ಭಾನುವಾರ ತೂಕ ನೋಡಿ.

ಅಮ್ಮನ ಪ್ರಶ್ನೆಗೆ ಉತ್ತರ ಚಿಕ್ಕದು. ಹೆಪ್ಪು ದಾಟುತ್ತದೆ ಎಂದದ್ದು ಒಂದೇ ಮೆದುಳಿನೊಳಗಿನ ಮಾತು. ತಟ್ಟೆ, ಲೋಟ, ಹಾಸಿಗೆ, ಆರೈಕೆಯಿಂದ ಪಾರ್ಕಿನ್ಸನ್ ಒಬ್ಬರಿಂದ ಒಬ್ಬರಿಗೆ ಬರುವುದಿಲ್ಲ. ನೀವು ಕೇಳದೇ ಬಿಟ್ಟ ಪ್ರಶ್ನೆಯನ್ನೂ ಊಹಿಸಬಲ್ಲೆ: ಬಹುಪಾಲು ರೋಗಿಗಳಲ್ಲಿ ಕಾಯಿಲೆಗೆ ಒಂದೇ ಜೀನ್ ಕಾರಣವಾಗಿರುವುದಿಲ್ಲ. ಮಕ್ಕಳಿಗೆ ಅಪಾಯ ಉಳಿದವರಿಗಿಂತ ಸುಮಾರು ಎರಡು ಪಟ್ಟು, ಆದರೆ ಮೂಲ ಅಪಾಯವೇ ಸಣ್ಣದು. 68ರ ಆಸುಪಾಸಿನಲ್ಲಿ ಶುರುವಾದ ಒಬ್ಬರೇ ರೋಗಿ ಇರುವ ಮನೆಯಲ್ಲಿ ಜೀನ್ ಪರೀಕ್ಷೆಗೆ ನಾನಾಗಿ ಹೇಳುವುದಿಲ್ಲ.

ವೈದ್ಯರ ಬಳಿ ಹೋಗುವ ಮೊದಲು ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಮಾತ್ರೆ ನುಂಗಿದ ಹೊತ್ತು, ಉಂಡ ಹೊತ್ತು, ಕೈಕಾಲು ಸಡಿಲವಾದ ಹೊತ್ತು, ಮತ್ತೆ ಬಿಗಿಯಾದ ಹೊತ್ತು, ಮಕ್ಕಳು ಕಂಡ ಹೊತ್ತು. ಬಿಗಿಯಾದಾಗ ಹಾಲ್‌ನಿಂದ ಅಡುಗೆಮನೆಗೆ ನಡೆಯುವುದನ್ನು ಅರ್ಧ ನಿಮಿಷ ಮೊಬೈಲಿನಲ್ಲಿ ಹಿಡಿದುಕೊಳ್ಳಿ. ಆಸ್ಪತ್ರೆಯ ಕುರ್ಚಿಯಲ್ಲಿ ಕೂತಾಗ ಎಲ್ಲ ರೋಗಿಗಳೂ ತುಸು ಚೆನ್ನಾಗಿಯೇ ಇರುತ್ತಾರೆ. ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೇ ಚೀಲದಲ್ಲಿ ತುಂಬಿಕೊಂಡು ಹೋಗಿ, ಗ್ಯಾಸಿನ ಕ್ಯಾಪ್ಸೂಲ್ ಸೇರಿಸಿ.